ಹೂಮಳೆಗೂ ಗೋಧಿಗೂ ಆಗಿಬರದು

ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದವಳು ಗದ್ದೆಯಲ್ಲಿ ಗೋಧಿ ಬಿತ್ತಿದರೆ ನಗೆಪಾಟಲಿಗೆ ಬರವಿರುವುದಿಲ್ಲ. ಬೇಡವೆಂದರೂ ಅದು ಬಾಗಿಲಿಗೇ ಬರುತ್ತದೆ.

ನನ್ನ ತವರು ನವಲಗುಂದದ ಕಡೆ, ಎರೆಮಣ್ಣಿನ ಬಯಲು. ಗಂಡನ ಮನೆ ಕೊಡಗಿನ ಚೆಟ್ಟಳ್ಳಿಯ ಹತ್ತಿರ. ಇಲ್ಲಿ ಎತ್ತ ನೋಡಿದರೂ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿ ಕಾಫಿ. ಮದುವೆಯಾಗಿ ಇಷ್ಟು ವರ್ಷವಾದರೂ ಚಳಿ ಶುರುವಾಯಿತೆಂದರೆ ಗಾಳಿಗೆ ಓಲಾಡುವ ಗೋಧಿ ಹೊಲ ನನ್ನ ಕಣ್ಣಿಗೆ ಕಟ್ಟುತ್ತದೆ. ಕಳೆದ ಸಲ ಅವ್ವ ಯುಗಾದಿಗೆ ಬರುತ್ತೇನೆ ಅಂದಾಗ, ನಾನೇ ಬೆಳೆದ ಗೋಧಿಯ ಚಪಾತಿ ಅವಳಿಗೆ ತಿನ್ನಿಸಬೇಕೆಂಬ ಹಟ ಹುಟ್ಟಿತು. ಅಣ್ಣನಿಂದ ಬೀಜ ತರಿಸಿದೆ. ಬೇಗ ಕೊಯ್ಲಾಗುವ ಮೇಲಿನ ಗದ್ದೆಯಲ್ಲಿ ಒಂದು ತುಂಡು ಕೇಳಿದೆ. ನಮ್ಮ ಮನೆಯವರು ತಕರಾರಿಲ್ಲದೆ ಕೊಟ್ಟರು. "ಆ ಊರಾಗ ಗೋದಿ ಎಲ್ಲಿ ಬರ್ತದವಾ, ಹುಚ್ಚಿ" ಎಂದು ಅವ್ವ ಮಾತ್ರ ಫೋನಿನಲ್ಲಿ ನಕ್ಕಳು.

ಒಳ್ಳೆ ಹುಲ್ಲು

ಭತ್ತ ಕೊಯ್ದ ಮೇಲೆ ನಮ್ಮಲ್ಲಿ ಗದ್ದೆ ಯಾರದೂ ಅಲ್ಲ, ದನಗಳದ್ದು. ಎಲ್ಲರೂ ಹಗ್ಗ ಬಿಚ್ಚಿ ಬಿಡುತ್ತಾರೆ. ಅದಕ್ಕೇ ನಾನು ಸುತ್ತ ಬೇಲಿ ಕಟ್ಟಿಸಿದ್ದೆ. ಗೋಧಿ ಮೊಳಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬೇಲಿಯ ಒಳಗೆ ಪಕ್ಕದ ತೋಟದ ಯಜಮಾನರ ಹಸು ನಿಂತು ಮೇಯುತ್ತಿದೆ. ನುಗ್ಗಿ ಬಂದದ್ದಲ್ಲ. ಗೂಟ ಹೊಡೆದು, ಪಕ್ಕದಲ್ಲಿ ಬಕೆಟ್ಟಿನಲ್ಲಿ ನೀರಿಟ್ಟು, ಮರ್ಯಾದೆಯಾಗಿ ಕಟ್ಟಿದ್ದರು.

ನನಗೆ ಅಳು ಬಂತು. ಅವರು ಓಡಿ ಬಂದು, ಭತ್ತದ ಕಾಳು ಉದುರಿ ಹುಟ್ಟಿದ ಹುಲ್ಲು ಅಂದುಕೊಂಡೆ, ಸುಮ್ಮನೆ ಹಾಳಾಗುತ್ತದಲ್ಲ ಅಂತ ಕಟ್ಟಿದೆ ಎಂದು ನೂರು ಸಲ ಹೇಳಿದರು. ಪಾಪ, ಒಳ್ಳೆಯ ಮನುಷ್ಯ. ಮಾರನೆಯ ದಿನ ಸಂಕೋಚದಿಂದ ಗೇಟಿನ ಹತ್ತಿರ ಬಂದು ನಿಂತರು. ಕ್ಷಮೆ ಕೇಳಲು ಇರಬೇಕೆಂದು ನಾನು ಮೆತ್ತಗಾದೆ.

"ಅಲ್ಲಮ್ಮ, ಹಾಲು ಜಾಸ್ತಿ ಕೊಡ್ತು" ಅಂದರು. "ಆ ಹುಲ್ಲಿನ ಬೀಜ ಎಲ್ಲಿ ಸಿಕ್ಕುತ್ತೆ?"

ನನ್ನ ಫೋನಿನ ಹವಾಮಾನ

ಉಳಿದ ಗೋಧಿ ಪುಣ್ಯಕ್ಕೆ ಮತ್ತೆ ಚಿಗುರಿತು. ಅದು ಕಾಫಿ ಹಣ್ಣು ಕೊಯ್ದು ಕಣದಲ್ಲಿ ಒಣಗಿಸುವ ಕಾಲ. ಒಂದು ಮೋಡ ಕಂಡರೆ ಸಾಕು, ಊರಿಗೆ ಊರೇ ಟಾರ್ಪಾಲು ಹಿಡಿದು ಓಡುತ್ತದೆ. ನಮ್ಮ ಮನೆಯವರು ಆಕಾಶ ನೋಡುತ್ತಾರೆ. ಅತ್ತೆ ತಮ್ಮ ಮಂಡಿನೋವನ್ನು ಕೇಳುತ್ತಾರೆ. ನಾನು ಫೋನ್ ನೋಡುತ್ತೇನೆ.

ಒಂದು ಮಧ್ಯಾಹ್ನ ಅತ್ತೆಗೆ ಮಂಡಿ ಹಿಡಿಯಿತು. ಕಾಫಿ ಮುಚ್ಚಿ ಅಂದರು. ನಾನು ಫೋನ್ ತೆಗೆದು ತೋರಿಸಿದೆ. ವಾರವಿಡೀ ಬಿಸಿಲು, ಒಂದು ಹನಿ ಇಲ್ಲ. ಓದಿದ ಸೊಸೆ ಎಂಬ ಗೌರವಕ್ಕೆ ಅವರು ಸುಮ್ಮನಾದರು. ಅರ್ಧ ಗಂಟೆಯಲ್ಲಿ ಕಣ ಕೆರೆಯಾಯಿತು. ಕಾಫಿಯನ್ನು ಕೈಯಲ್ಲಿ ಬಳಿದು ಬಳಿದು ನನ್ನ ಸೊಂಟ ಬಿದ್ದುಹೋಯಿತು.

ಸಂಜೆ ನಮ್ಮ ಮನೆಯವರು ಫೋನ್ ಇಸಿದುಕೊಂಡು ನೋಡಿದರು. ಮೇಲೆ ಸಣ್ಣಕ್ಷರದಲ್ಲಿ ನವಲಗುಂದ ಎಂದಿತ್ತು. ಅವ್ವನ ಊರಿನಲ್ಲಿ ಬಿಸಿಲೋ ಚಳಿಯೋ ಎಂದು ದಿನಾ ನೋಡುವುದು ನನ್ನ ಚಟ. ಅದನ್ನು ಬದಲಾಯಿಸಲು ಎಂದೂ ಮನಸ್ಸು ಬಂದಿರಲಿಲ್ಲ. ಅವರು ಬೈಯಲಿಲ್ಲ. ಅವರು ಹಾಗೆ ಸುಮ್ಮನೆ ಫೋನ್ ಹಿಂದಿರುಗಿಸಿದ್ದಕ್ಕೆ ನನಗೆ ಇನ್ನೂ ಹೆಚ್ಚು ತವರು ನೆನಪಾಯಿತು. ಅತ್ತೆ ಮಾತ್ರ ಮಂಡಿಗೆ ಎಣ್ಣೆ ತಿಕ್ಕುತ್ತಾ, "ನಂದು ಈ ಊರಿನ ಮಂಡಿ" ಅಂದರು.

ದೇವರಿಗೆ ಎರಡು ಅರ್ಜಿ

ಗೋಧಿ ಹಳದಿಗೆ ತಿರುಗಿತು. ಅಷ್ಟು ಹೊತ್ತಿಗೆ ಕೊಡಗಿನವರಿಗೆಲ್ಲ ಹೂಮಳೆಯ ಜ್ವರ. ಬೇಸಿಗೆಯ ಆ ಮೊದಲ ಮಳೆ ಬಿದ್ದರೆ ತಾನೆ ಕಾಫಿ ಹೂ ಬಿಡುವುದು, ಹೂ ಬಿಟ್ಟರೆ ತಾನೆ ಮುಂದಿನ ವರ್ಷದ ಫಸಲು. ಎದುರಾದವರೆಲ್ಲ "ಮಳೆ ಬಂತಾ" ಎಂದೇ ಮಾತು ಶುರುಮಾಡುತ್ತಾರೆ. ಆದರೆ ಮಾಗಿದ ಗೋಧಿಗೆ ಆ ಮಳೆ ಹೊಡೆದರೆ ಕಾಳು ತೆನೆಯಲ್ಲೇ ಕಪ್ಪಾಗುತ್ತದೆ. ಅವ್ವನಿಗೆ ಚಪಾತಿಯೂ ಇಲ್ಲ, ಏನೂ ಇಲ್ಲ.

ಅತ್ತೆ ದಿನಾ ದೀಪ ಹಚ್ಚಿ ಮಳೆ ಕೊಡಪ್ಪ ಎಂದು ಬೇಡುತ್ತಿದ್ದರು. ನಾನು ಹಿಂದೆ ನಿಂತು ಕಣ್ಣು ಮುಚ್ಚಿ ಬೇರೆಯೇ ಬೇಡುತ್ತಿದ್ದೆ. ಒಂದು ದಿನ ಅವರು ತಿರುಗಿ, ಏನು ಕೇಳಿಕೊಂಡೆ ಎಂದರು. ದೇವರ ಮುಂದೆ ಸುಳ್ಳು ಹೇಗೆ ಹೇಳುವುದು? ನೀವು ಕೇಳಿದ್ದನ್ನೇ ಕೇಳಿದೆ ಅತ್ತೆ, ಸ್ವಲ್ಪ ತಡವಾಗಿ ಕೊಡು ಅಂದೆ ಎಂದೆ.

ಹಜಾರದಿಂದ ನಮ್ಮ ಮನೆಯವರ ದನಿ ಬಂತು. "ಒಂದೇ ಮನೆಯಿಂದ ಎರಡು ಅರ್ಜಿ ಹೋದ್ರೆ ಅವನು ಎರಡನ್ನೂ ಮೂಲೆಗೆ ಹಾಕ್ತಾನೆ, ಮಾರಾಯ್ತಿ."

ಬೀಸುವುದು ಎಂದರೆ

ಕೊನೆಗೆ ಮೋಡ ಕಟ್ಟಿತು. ನಾನೊಬ್ಬಳೇ ಕುಡುಗೋಲು ಹಿಡಿದು ಗದ್ದೆಗೆ ಓಡಿದೆ. ಹಿಂದಿನಿಂದ ಅತ್ತೆ ಬಂದರು, ಮಂಡಿ ಎಳೆದುಕೊಂಡು. ನಮ್ಮ ಮನೆಯವರು ಬಂದರು, ಹುಲ್ಲಿನ ಯಜಮಾನರೂ ಬಂದರು. ಎಲ್ಲರೂ ಮಳೆಗಾಗಿ ಬಾಯಿಬಿಟ್ಟುಕೊಂಡು ಕಾದವರೇ. ಆದರೂ ಕೊಯ್ಯುತ್ತಾ, ಇನ್ನೊಂಚೂರು ತಡಿ, ಇನ್ನೊಂಚೂರು ತಡಿ ಎಂದು ಆ ಮಳೆಗೇ ಹೇಳುತ್ತಿದ್ದರು. ಕೊನೆಯ ಹೊರೆ ಕೊಟ್ಟಿಗೆ ಸೇರುವಾಗ ದಪ್ಪ ಹನಿ ಬಿತ್ತು. ನಾನು ಹೊರೆಗೆ ಮುಖ ಒತ್ತಿಕೊಂಡು ನಿಂತೆ. ಅಪ್ಪನ ಅಂಗಿಯಲ್ಲಿ ಬರುತ್ತಿದ್ದ ವಾಸನೆಯೇ ಅದು. ಅಪ್ಪ ಈಗಿಲ್ಲ. ಹೊಟ್ಟೆ ತುಂಬ ಅತ್ತುಬಿಟ್ಟೆ.

ಯುಗಾದಿಯ ಮುನ್ನಾದಿನ ಅವ್ವ ಬಂದಳು. ಗೋಧಿ ಕೈಗೆ ಕೊಟ್ಟು, ಬೀಸಿಸಿಕೊಂಡು ಬನ್ನಿ ಎಂದು ನಮ್ಮ ಮನೆಯವರನ್ನು ಪೇಟೆಗೆ ಕಳಿಸಿದೆ. ಹಿಟ್ಟಿನ ಮಿಲ್ಲಿನ ಮೋಟಾರ್ ಸುಟ್ಟಿತ್ತಂತೆ. ಕಾಫಿಯವರ ತಲೆ ಎಲ್ಲಿಗೆ ಓಡುತ್ತದೆ? ನೇರ ಕಾಫಿಪುಡಿ ಅಂಗಡಿಗೆ ಹೋಗಿದ್ದಾರೆ. ಅಂಗಡಿಯವನು ಹುರಿಯಬೇಕಾ ಎಂದು ಕೇಳಿದನಂತೆ. ಬೇಡ ಅಂದರಂತೆ. ಚಿಕೋರಿ ಎಷ್ಟು ಎಂದನಂತೆ. ಅದೂ ಬೇಡ ಅಂದರಂತೆ. ಇಷ್ಟು ಜಾಣತನ ತೋರಿಸಿದ್ದಕ್ಕೆ ಮನೆಗೆ ಬಂದು ನನ್ನಿಂದ ಹೊಗಳಿಕೆ ನಿರೀಕ್ಷಿಸುತ್ತಿದ್ದರು.

ಯಂತ್ರದಲ್ಲಿ ಉಳಿದಿದ್ದ ಕಾಫಿಪುಡಿಯೆಲ್ಲ ಸೇರಿ ಹಿಟ್ಟು ಕಂದು ಬಣ್ಣ. ಬಿಸಾಡಲು ಮನಸ್ಸಾಗದೆ ಚಪಾತಿ ಮಾಡಿದೆ. ಇಡೀ ಮನೆ ಘಂ ಎಂದಿತು. ಅವ್ವ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಅತ್ತೆ ಕಾಫಿ ಲೋಟ ಮುಂದೆ ಇಟ್ಟರು. ಅವ್ವ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ಬ್ಯಾಡ್ರಿ ಬೀಗ್ತಿ, ಆಗ್ಲೆ ತಿಂದೇನಿ."

ಅವಳು ಊರಿಗೆ ಹೋಗಿ ವಾರವಾದ ಮೇಲೆ ಫೋನ್ ಮಾಡಿದಳು. ದನಿ ಸಪ್ಪಗಿತ್ತು. ಯಾಕವ್ವಾ, ಆರಾಮಿಲ್ಲೇನು ಎಂದೆ.

"ಆರಾಮ ಅದೀನಿ. ಇಲ್ಲಿ ಚಪಾತಿ ಯಾಕೋ ಬಾಯಿಗೆ ಹತ್ತವಲ್ದು" ಅಂದಳು. "ನಿಮ್ಮೂರ ಹಿಟ್ಟು ಒಂದೀಟು ಕಳಸು."