ಮಹಾರುದ್ರಪ್ಪನ ಪ್ರಥಮಪುಟ ದಿಗ್ವಿಜಯ

ಭೂಮಂಡಲದ ನಡುವೆ, ಭರತಖಂಡದಲ್ಲಿ, ಶೋಧಮನ್ವಂತರದ ಪ್ರಥಮಪುಟಪಾದದಲ್ಲಿ, ಹುಡುಕಿದಾಗ ಸಿಗದ ವಸ್ತು ಹುಟ್ಟಿಯೇ ಇಲ್ಲವೆಂದು ನರರು ನಂಬಿದ ಈ ಘೋರ ಕಲಿಯುಗದಲ್ಲಿ, ನರಗುಂದದ ಗುಡ್ಡದ ಕೆಳಗಿನ ಓಣಿಯೊಂದರಲ್ಲಿ ಒಬ್ಬ ವೀರನಿದ್ದನು. ಚಿಲ್ಲರೆಹೀನಪ್ರಯಾಣಿಕಭಯಂಕರನೂ, ಫುಟ್‌ಬೋರ್ಡಾರೂಢತರುಣದರ್ಪದಮನನೂ, ಇಬ್ಬರ ಆಸನದಲ್ಲಿ ನಾಲ್ವರನ್ನು ಪ್ರತಿಷ್ಠಾಪಿಸಿದ ಮಹಾಶಿಲ್ಪಿಯೂ ಆದ ಆತನೇ ನಿವೃತ್ತ ಬಸ್ ಕಂಡಕ್ಟರ್ ಮಹಾರುದ್ರಪ್ಪ ಕೊಣ್ಣೂರ. ತಾಯಿ ಶಾರದೆ, ಆತನ ಕಥೆ ಹೇಳಲು ನನ್ನ ನಾಲಗೆಯ ಮೇಲೆ ಬಂದು ಕೂಡು. ಜಾಗ ಸಾಲದಿದ್ದರೆ ಆತನೇ ಯಾರನ್ನಾದರೂ ಸರಿಸಿ ಕೊಡುತ್ತಾನೆ.

ಈ ವೀರನ ಧರ್ಮಪತ್ನಿ ಗುರುಬಸವ್ವ ಕೌದಿ ಹೊಲಿಯುವವಳು. ಗಿರಾಕಿಗಳ ಮನೆಯ ಹಳೆಯ ಸೀರೆಗಳನ್ನೇ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಣ್ಣ ಹೊಲಿಗೆ ಹಾಕುತ್ತ ಬರುವ ಕೆಲಸ ಅದು. ಒಬ್ಬಳಿಂದ ಆಗುವಂಥದ್ದಲ್ಲ. ಎದುರು ಅಂಚಿನಲ್ಲಿ ಕೂತು ಹೊಲಿಯುವವಳು ಗೆಳತಿ ನೀಲವ್ವ. ಆದರೆ ಮನೆಮನೆಗೂ ಮಷೀನಿನ ಹುಲಿಚಿತ್ರದ ರಗ್ಗುಗಳು ಬಂದು, ಕೌದಿ ಕೇಳುವವರೇ ಇಲ್ಲವಾಗಿದ್ದರು. ಒಂದು ದಿನ ನೀಲವ್ವ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದಳು.

"ಗುರುಬಸಕ್ಕ, ದೀಪಾವಳಿತನಕಾ ನೋಡ್ತೇನಿ. ಹೊರಗಿಂದ ಒಂದಾರ ಆರ್ಡರ್ ಬಂದ್ರ ಇರ್ತೇನಿ. ಇಲ್ಲಂದ್ರ ಗಾರ್ಮೆಂಟಿಗೆ ಹೋಗಾಕಿ ನಾ."

ಗುರುಬಸವ್ವನ ಕಣ್ಣಲ್ಲಿ ನೀರು ಕಂಡದ್ದೇ ತಡ, ಮಹಾರುದ್ರಪ್ಪನು ಪ್ರಳಯಮೇಘದಂತೆ ಗುಡುಗಿದನು: "ಎಲೆ ಸೂಚೀಧಾರಿಣಿ, ಸಹಸ್ರವಸ್ತ್ರಖಂಡಸಂಯೋಜಿನಿ, ಕೇಳು! ನಿನ್ನ ನಾಮಧೇಯವನ್ನು ಅಂತರ್ಜಾಲಮಹಾಸಾಗರದ ಅಗ್ರಪೀಠದಲ್ಲಿ ನಿಲ್ಲಿಸದಿದ್ದರೆ ನಾನು ಕೊಣ್ಣೂರವಂಶಸಂಜಾತನೇ ಅಲ್ಲ!"

ಇದು ವೀರಗಾಥೆಯ ಪಾಠ. ಓಣಿಯಲ್ಲಿ ಸಿಗುವ ಪಾಠಾಂತರ ಹೀಗಿದೆ: "ಏ, ಅಳಬ್ಯಾಡ ಸುಮ್ನಿರು. ಒಂದು ವೆಬ್‌ಸೈಟ್ ಮಾಡಿ ಒಗದ್ರ ಮುಗೀತು."

ಮಾಡಿಯೇ ಒಗೆದನು. ಪುಕ್ಕಟೆ ಸಿಗುವ ಸಾಮಗ್ರಿಯಿಂದ, ಒಂದೇ ತೋರುಬೆರಳಿನಿಂದ, ವಿಶ್ವಕರ್ಮನೂ ನಾಚುವಂತೆ ತಾಣವೊಂದನ್ನು ಕಟ್ಟಿ, "ಗುರುಬಸವ್ವ ಕೌದಿ" ಎಂದು ಹೆಸರಿಟ್ಟು, ಫೋಟೋ ಏರಿಸಿ, ತನ್ನ ಮೊಬೈಲ್ ನಂಬರನ್ನು ಅದರ ಹಣೆಗೆ ಬರೆದು, ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದನು. ಕಾಯಿನೀರು ಕೀಲಿಮಣೆಗೆ ಸಿಡಿದು ಒಂದೆರಡು ಅಕ್ಷರಗಳು ವೀರಸ್ವರ್ಗ ಸೇರಿದವು.

ಬಳಿಕ ಶೋಧಯಂತ್ರದ ಮುಂದೆ ಕುಳಿತು "ನರಗುಂದ ಕೌದಿ" ಎಂದು ಬರೆದನು. ನರಗುಂದದ ಗುಡ್ಡ ಬಂತು, ನರಗುಂದದ ಹವಾಮಾನ ಬಂತು, ಹೆಸರುಕಾಳಿನ ಪೇಟೆಧಾರಣೆ ಬಂತು, ಯಾವುದೋ ದೇಶದ ರಜಾಯಿ ಕಾರ್ಖಾನೆಯೂ ಬಂತು. ಗುರುಬಸವ್ವ ಬರಲಿಲ್ಲ. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆಗ ರಂಗಪ್ರವೇಶ ಮಾಡಿದವನು ಗುರುಬಸವ್ವನ ತಮ್ಮ ಚನವೀರ. ಬಸ್‌ಸ್ಟ್ಯಾಂಡಿನೆದುರು ಆನ್‌ಲೈನ್ ಸೆಂಟರ್ ನಡೆಸುವವನು, ಝೆರಾಕ್ಸ್‌ಯಂತ್ರಾಧೀಶ್ವರ, ಪಹಣಿಪ್ರದಾನಪಾರಂಗತ.

"ಮಾವಾರ, ಮೊದಲನೇ ಪೇಜಿನ್ಯಾಗ ಬರಬೇಕಂದ್ರ ಪ್ಯಾಕೇಜ್ ತಗೋಬೇಕ್ರಿ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಅದಾವು. ನೀವು ಮನಿಮಂದಿ. ನಿಮಗ ಗೋಲ್ಡ್, ಹದಿನೆಂಟ್ ಸಾವಿರಕ್ಕ."

"ಹದಿನೆಂಟ್ ಸಾವಿರಾ? ಲೇ ಚನವೀರ, ಅಷ್ಟು ರೊಕ್ಕದಾಗ ಇಡೀ ಓಣಿಗೆ ಕೌದಿ ಹೊಚ್ಚಿ ಮಲಗಸ್ತೇನಿ!"

"ಮಲಗಸ್ರಿ. ಜೋಡಿಲೆ ನಿಮ್ಮ ಸೈಟೂ ಮಲಗಿರ್ತೈತಿ."

ಈ ವಾಗ್ಬಾಣವು ವೀರನ ಎದೆಯನ್ನು ಭೇದಿಸಿತು. ಅಗ್ಗದ ಸೇನಾನಿಯನ್ನು ಅರಸುತ್ತ ಆತನು ಜಾಲದ ದಶದಿಕ್ಕುಗಳಲ್ಲಿ ಸಂಚರಿಸಿ, "ಉಚಿತ ಸಲಹೆಗೆ ನಿಮ್ಮ ನಂಬರ್ ಕೊಡಿ" ಎಂದ ಪ್ರತಿಯೊಂದು ದ್ವಾರದಲ್ಲಿಯೂ ನಂಬರನ್ನು ಅರ್ಪಿಸಿ ಬಂದನು. ಮರುದಿನ ಅರುಣೋದಯಕ್ಕೆ ಮೊದಲ ಕರೆ. ಮುಖಕ್ಷೌರದ ನೊರೆಯಲ್ಲಿದ್ದಾಗ ಇನ್ನೊಂದು. ಬಸವಣ್ಣನ ಗುಡಿಯಲ್ಲಿ ಮಂಗಳಾರತಿಗೆ ಕೈಯೊಡ್ಡಿದಾಗ ಮತ್ತೊಂದು. ಎಲ್ಲವೂ ಮಧುರಕಂಠಗಳೇ, ಎಲ್ಲವೂ "ಸರ್, ಫಸ್ಟ್ ಪೇಜ್ ಗ್ಯಾರಂಟಿ" ಎನ್ನುವವೇ. ಉಚಿತ ಸಲಹೆಯೆಂದರೆ ಹಣ ಕೊಡಿರೆಂಬ ಸಲಹೆಯನ್ನು ಉಚಿತವಾಗಿ ಕೊಡುವುದೆಂದು ವೀರನಿಗೆ ಹೊಳೆಯುವ ಹೊತ್ತಿಗೆ ಶತ್ರುಸೇನೆ ಕೋಟೆಯೊಳಗೆ ಬಂದಾಗಿತ್ತು.

ಮಹಾರುದ್ರಪ್ಪನು ತನ್ನ ವೃತ್ತಿಜೀವನದ ತಪಃಫಲವಾದ ಅಸ್ತ್ರವನ್ನು ಹೊರತೆಗೆದನು. ಗೊತ್ತಿಲ್ಲದ ನಂಬರು ಕಂಡೊಡನೆ ಎತ್ತಿ, ಅತ್ತಲಿಂದ "ಹಲೋ" ಎಂಬ ಎರಡಕ್ಷರ ಹೊರಟದ್ದೇ, ಒಂದೇ ಉಸಿರಿಗೆ: "ಬ್ಯಾಡ! ಇಳೀರಿ ಕೆಳಗ!"

ಓಣಿಯ ನಾಯಿಗಳು ಎದ್ದು ನಿಂತವು. ಕರೆಗಳು ಕಡಿಮೆಯಾದವು. ತಾಣ ಮಾತ್ರ ಎಲ್ಲಿಯೂ ಕಾಣಲಿಲ್ಲ. ದಸರೆ ಕಳೆಯಿತು. ನೀಲವ್ವ ಗಾರ್ಮೆಂಟಿನವರ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರನ್ನೋ ಕೇಳಿದಳೆಂಬ ಸುದ್ದಿ ಬಂತು.

ಗುರುಬಸವ್ವ ಗಂಡನಿಗೆ ಹೇಳದೆ ತಮ್ಮನನ್ನು ಕರೆಸಿದಳು. "ಪ್ಯಾಕೇಜು ಗೀಕೇಜು ಬ್ಯಾಡ. ಬರೇ ನೋಡು. ಏನಾಗೇತಿ ಹೇಳು."

ಚನವೀರ ತಾಣದ ಒಳಮನೆಗೆ ಹೊಕ್ಕು ಕೆದಕಿದನು. ಕ್ಷಣದಲ್ಲಿ ಆತನ ಮುಖ ವಿಚಿತ್ರವಾಯಿತು.

"ಮಾವಾರ, ಇಲ್ಲಿ ಬರ್ರಿ. 'ಶೋಧಯಂತ್ರಗಳಿಗೆ ಈ ತಾಣ ತೋರಿಸಬೇಡ' ಅಂತ ಒಂದು ಚೌಕದ ಮನಿ ಐತಿ. ಅದರಾಗ ಟಿಕ್ ಹಾಕಿದವರ‍್ಯಾರು?"

"ನಾನ ಹಾಕೇನಿ. ಯಾಕ?"

"ಯಾಕಂತ ನೀವ ಹೇಳ್ರಿ!"

"ಕಟ್ಟೂ ಮನಿಗೆ ಮಂದಿ ದಿಷ್ಟಿ ತಾಕಬಾರ್ದಂತ ಬೆದರುಬೊಂಬಿ ಕಟ್ತೇವಿಲ್ಲೋ? ಪೂಜಾ ಆಗೂತನಕಾ ಇದ್ಕೂ ಯಾರ ಕಣ್ಣೂ ಬೀಳಬಾರ್ದಂತ ಹಾಕಿದ್ದೆ."

"ಪೂಜಾ ಆತಲ್ರೀ!"

"ಆತು. ಆ ಮ್ಯಾಲೆ... ಮರತೆ."

ತ್ರಿಲೋಕಗಳನ್ನು ಕಾಡಿದ ಅಂಧಕಾರಾಸುರನು ಸಾಸಿವೆಕಾಳಿನಷ್ಟಿದ್ದ ಆ ಗುರುತೇ ಆಗಿದ್ದನು. ಚನವೀರನ ಕಿರುಬೆರಳ ಒಂದು ಒತ್ತಿಗೆ ಅಸುನೀಗಿದನು. ಶೋಧಯಂತ್ರಕ್ಕೆ "ತಾಣವೊಂದಿದೆ, ನೋಡಿಕೋ" ಎಂದು ಅರಿಕೆ ಕಳಿಸಿದ್ದಾಯಿತು; ನಕಾಶೆಯಲ್ಲಿ ಮನೆಯ ಜಾಗಕ್ಕೆ ಚುಕ್ಕಿಯಿಟ್ಟದ್ದಾಯಿತು. ಯಾವುದಕ್ಕೂ ಬಿಡಿಗಾಸು ಬೇಕಾಗಲಿಲ್ಲ.

"ಲೇ ತಮ್ಮಾ," ಎಂದಳು ಗುರುಬಸವ್ವ, "ನಿನ್ನ ಗೋಲ್ಡ್ ಪ್ಯಾಕೇಜಿನ್ಯಾಗ ಏನೇನಿತ್ತು?"

"ಮೊದಲನೇ ಕೆಲಸ ಇದ ಇತ್ತಕ್ಕ."

"ಎರಡನೇದು?"

ಚನವೀರ ಚಪ್ಪಲಿ ಹುಡುಕತೊಡಗಿದನು.

ವಾರ ತುಂಬುವುದರೊಳಗೆ, ಮೇಘಾವರಣವನ್ನು ಸೀಳಿದ ಬಾಲಸೂರ್ಯನಂತೆ, ಗುರುಬಸವ್ವನ ಹೆಸರು ಪ್ರಥಮಪುಟದಲ್ಲಿ ಉದಯಿಸಿತು. ಮಹಾರುದ್ರಪ್ಪನು ಓಣಿಗೆಲ್ಲ ಪೇಡೆ ಹಂಚಿ, ಪ್ಯಾಕೇಜುದೈತ್ಯರನ್ನು ತಾನೊಬ್ಬನೇ ಸಂಹರಿಸಿದ ವೃತ್ತಾಂತವನ್ನು ಕಟ್ಟೆಯ ಮೇಲೆ ಕುಳಿತು ನಿರೂಪಿಸತೊಡಗಿದನು. ಟಿಕ್ಕಿನ ಪ್ರಸಂಗ ಆ ನಿರೂಪಣೆಯಲ್ಲಿ ಬರುವುದಿಲ್ಲ. ನಿರೂಪಣೆಯ ನಡುವೆ ಫೋನು ಬಂತು. "ಹಲೋ, ಕೌದಿ..." "ಬ್ಯಾಡ! ಇಳೀರಿ ಕೆಳಗ!" ಮಧ್ಯಾಹ್ನ ಅದೇ ನಂಬರು. ಅದೇ ಅಸ್ತ್ರ. ಸಂಜೆ ಮತ್ತೆ. "ಎಂಥಾ ಹಟಾ ನೋಡ್ರಿ ಇವರದು," ಎಂದು ವೀರನು ಸಭಿಕರತ್ತ ತಿರುಗಿ ಮೀಸೆ ತೀಡಿದನು.

ದೀಪಾವಳಿಗೆ ಇನ್ನು ನಾಲ್ಕೇ ದಿನ ಎನ್ನುವಾಗ ಚನವೀರ ಓಡುತ್ತ ಬಂದನು. ನಕಾಶೆಯ ಚುಕ್ಕಿಯ ಕೆಳಗೆ ಗಿರಾಕಿಯೊಬ್ಬಳ ಅಭಿಪ್ರಾಯ ಬಂದಿತ್ತು, ಒಂದೇ ನಕ್ಷತ್ರದೊಡನೆ. ಜೋರಾಗಿ ಓದಿದನು: "ತೀರಿಕೊಂಡ ನಮ್ಮವ್ವನ ಸೀರಿ ಕೌದಿ ಮಾಡಸಬೇಕು ಅಂತ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ಕೆಳಗ ಇಳಿ ಅಂದ್ರು. ನಾನು ಎಲ್ಲೂ ಹತ್ತಿರಲಿಲ್ಲ. ವನಜಾಕ್ಷಿ, ಬಳ್ಳಾರಿ."

ಗುರುಬಸವ್ವ ಸೂಜಿ ಕೆಳಗಿಟ್ಟಳು.

"ಏನ್ರೀ, ಜಗತ್ತಿಗೆಲ್ಲ ನನ್ನ ಹೆಸರು ಸಿಗಲಿ ಅಂತ ಹೊಡದಾಡಿದ್ರಿ. ಸಿಕ್ಕ ಒಬ್ಬಾಕೀನ್ನೂ ಇಳಿಸಿಬಿಟ್ರಿ."

ವೀರನ ಕೈ ಮೀಸೆಯಿಂದ ಕೆಳಗಿಳಿಯಿತು. ಆಕೆ ಆತನ ಜೇಬಿನಿಂದ ಫೋನು ತೆಗೆದುಕೊಂಡು, ಮೂರು ಸಲ ಬಂದಿದ್ದ ನಂಬರು ಹುಡುಕಿ, ಬಳ್ಳಾರಿಗೆ ಹಚ್ಚಿದಳು.

"ಯಕ್ಕಾ, ನಾ ಗುರುಬಸವ್ವ, ಕೌದಿ ಹೊಲಿಯಾಕಿ. ತಪ್ಪಾತ್ರಿ. ಸೀರಿ ಎಷ್ಟದಾವು?... ಇಳಕಲ್ಲಿನವಾ? ಹರದಿದ್ರೂ ಇರಲಿ, ಕಳಸ್ರಿ. ಸೆರಗು ಕತ್ತರಸೂದಿಲ್ಲ ನಾ, ಮ್ಯಾಲೇ ಇಡ್ತೇನಿ. ಹೊದಕೊಂಡ್ರ ಅವ್ವನ ಸೆರಗ ಹೊದಕೊಂಡಂಗ ಇರಬೇಕಲ್ರೀ?"

ಅತ್ತಲಿಂದ ಬಂದ ಮಾತು ಇತ್ತ ಯಾರಿಗೂ ಕೇಳಲಿಲ್ಲ. ಗುರುಬಸವ್ವ ಮಾತ್ರ "ಹೂಂ, ಹೂಂ" ಎನ್ನುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೀರೆಗಳ ಗಂಟು ಬಂತು. ನೀಲವ್ವ ಎದುರು ಅಂಚಿಗೆ ಬಂದು ಕೂತಳು. ಕೌದಿ ಬಳ್ಳಾರಿ ಮುಟ್ಟಿತು. ಮಹಾರುದ್ರಪ್ಪನಾದರೋ ಕಟ್ಟೆಯ ಮೇಲೆ ತನ್ನ ದಿಗ್ವಿಜಯವನ್ನು ಈಗಲೂ ಸರ್ಗಬದ್ಧವಾಗಿ ಹೇಳುತ್ತಾನೆ. ಸಂಶಯವಿದ್ದವರು ಹುಡುಕಿ ನೋಡಬಹುದು. ಪ್ರಥಮಪುಟದಲ್ಲಿಯೇ ಇದೆ. ವನಜಾಕ್ಷಿ ಮುನ್ನಿನ ಮಾತನ್ನು ಅಳಿಸಿ ಹೊಸದಾಗಿ, ಒಂದು ಕಡಿಮೆ ಐದು ನಕ್ಷತ್ರ ಕೊಟ್ಟು ಬರೆದಿದ್ದಾಳೆ. ಆ ವೀರನ ಕುರಿತು ಮೂರು ಲೋಕದಲ್ಲಿ ಸಿಗುವ ಏಕಮಾತ್ರ ಶಾಸನ ಅದೇ:

"ಕೌದಿ ಭಾಳ ಚಲೋ ಅದ. ಹೆಣ್ಮಗಳು ಫೋನ್ ಎತ್ತಿದ್ರ ಮಾತಾಡ್ರಿ. ಗಂಡಸು ಎತ್ತಿದ್ರ ಇಟ್ಟುಬಿಡ್ರಿ."