ಮರಳಿ ಬಂದ ಮೂಗು

ಅಮರೇಶ ಸಿಗರೇಟು ಬಿಟ್ಟದ್ದು ಕೆಮ್ಮಿಗೆ ಹೆದರಿ. ಕೆಮ್ಮೇನೋ ಹೋಯಿತು. ಆದರೆ ಇಷ್ಟು ವರ್ಷ ಹೊಗೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ ಅವನ ಮೂಗು ಒಮ್ಮೆಲೇ ಎದ್ದು ಕೂತಿತು. ಎದ್ದದ್ದಾದರೂ ಎಂಥ ಮೂಗು! ಅದರ ಮುಂದೆ ಪೊಲೀಸ್ ನಾಯಿಗೇ ನೆಗಡಿಯಾಗಿದೆಯೇನೋ ಅನ್ನಿಸಬೇಕು, ಅಂಥದು.

ಅಂದು ಬೆಳಿಗ್ಗೆ ಚಹಾದ ಕಪ್ಪು ತುಟಿಗೆ ತಾಗುವ ಮೊದಲೇ ಅವನೆಂದ, "ಇದು ನಿನ್ನಿ ದಿನದ ಹಾಲು."

"ಸುಮ್ನ ಕುಡೀರಿ," ಎಂದಳು ಹೆಂಡತಿ ಉಮಾಶ್ರೀ. "ಸಿಗರೇಟ ಸೇದೂ ಮುಂದ ಏನ್ ಕೊಟ್ರೂ ಕುಡೀತಿದ್ರಿ. ಭಾಳ ಛಲೋ ಮನಷ್ಯಾ ಇದ್ರಿ."

ಅಷ್ಟರಲ್ಲಿ ಪಕ್ಕದ ಮನೆಯ ಬಾಳವ್ವ ತುಪ್ಪದ ಡಬ್ಬಿ ಹಿಡಿದು ಬಂದಳು. "ಅಮರೇಶ, ಇದನ್ನೊಂಚೂರು ಮೂಸಿ ನೋಡಪಾ. ಮಗಳ ಮನಿಯಿಂದ ಬೀಗರು ಕಳಿಸ್ಯಾರ."

ಉಮಾಶ್ರೀ ಕಣ್ಸನ್ನೆ ಮಾಡಿದಳು. ಮೂಗು ಮುಂದಾದಾಗ ಅಮರೇಶನಿಗೆ ಕಣ್ಣು ಕೆಲಸ ಮಾಡುತ್ತಿರಲಿಲ್ಲ.

"ಇದರಾಗ ಅರ್ಧ ಡಾಲ್ಡಾ ಐತ್ರಿ ಬಾಳವ್ವಾರ."

ಬಾಳವ್ವ ಅಲ್ಲೇ ನಿಂತು ಬೀಗರಿಗೆ ಫೋನು ಹಚ್ಚಿದಳು. ಅಮರೇಶ ಚಪ್ಪಲಿ ಮೆಟ್ಟುವಷ್ಟರಲ್ಲಿ ಮಾತು ತುಪ್ಪವನ್ನು ದಾಟಿ, ಮದುವೆಯಲ್ಲಿ ಯಾರ ಕಡೆಯವರಿಗೆ ಹೋಳಿಗೆ ಸಿಗಲಿಲ್ಲ ಎಂಬಲ್ಲಿಗೆ ಬಂದು ಮುಟ್ಟಿತ್ತು.

"ಮೊದಲ ನಿಮ್ಮ ಹೊಗಿ ಬರೇ ನಮ್ಮ ಮನ್ಯಾಗ ತುಂಬತಿತ್ತು," ಉಮಾಶ್ರೀ ಬಾಗಿಲ ತನಕ ಬಂದು ಪಿಸುಗುಟ್ಟಿದಳು. "ಈಗ ಓಣಿಗೇ ಬೆಂಕಿ ಹಚ್ಚಾಕತ್ತೀರಿ!"

ಅಮರಗೋಳದ ಮಾರುಕಟ್ಟೆಯಲ್ಲಿ ನೀಲಕಂಠಪ್ಪ ಸಾವಕಾರರ ಕಾಳಿನ ಅಂಗಡಿ. ಅಮರೇಶ ಅಲ್ಲಿ ಗುಮಾಸ್ತ. ಒಳಗೆ ಕಾಲಿಟ್ಟಾಗ ಇನ್ನೊಬ್ಬ ಗುಮಾಸ್ತ ಶಶಿಕುಮಾರ ಹೊಟ್ಟೆ ಹಿಡಿದುಕೊಂಡು ಸಾವಕಾರರ ಮುಂದೆ ನಿಂತಿದ್ದ.

"ರಾತ್ರೆಲ್ಲಾ ಜ್ವರರೀ. ಗಂಜಿ ಬಿಟ್ರ ಏನೂ ಮುಟ್ಟಿಲ್ರೀ. ಇವತ್ತೊಂದಿನ ಸೂಟಿ ಕೊಡ್ರಿ."

"ಗಂಜಿಗೆ ತಂದೂರಿ ವಾಸನಿ ಹೆಂಗ ಬಂತೋ?" ಅಮರೇಶ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ.

ಸೂಟಿ ಸಿಗಲಿಲ್ಲ. ಎಷ್ಟೋ ವರ್ಷ ಒಂದೇ ಕಡ್ಡಿಯಲ್ಲಿ ಇಬ್ಬರ ಸಿಗರೇಟು ಹಚ್ಚಿದ ಶಶಿಕುಮಾರ ಅವನನ್ನು ಹಸಿಮೆಣಸಿನಕಾಯಿ ಕಚ್ಚಿದವನಂತೆ ನೋಡಿದ.

ಸಾವಕಾರರು ಅಮರೇಶನನ್ನು ಮೂಲೆಗೆ ಕರೆದರು. "ಇವತ್ತ ಸೋಮಪ್ಪ ಅಂತ ದೊಡ್ಡ ಗಿರಾಕಿ ಬರಾಕತ್ತಾರ. ಆ ಮಳ್ಯಾಗ ತೊಯ್ದ ಶೇಂಗಾ ಇವತ್ತ ಹೋಗಬೇಕು. ನಿನ್ನ ಮೂಗು ಅದರಾಗ ಬಂತಂದ್ರ ನಿನ್ನ ನೌಕರಿ ಹೋತಂತ ತಿಳಿ."

ಅಮರೇಶ ಬೆದರಿ ಕರವಸ್ತ್ರವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡ.

ಸೋಮಪ್ಪ ಬಂದವರೇ ಅವನನ್ನು ಕಂಡು ಕೇಳಿದರು, "ಇವರಿಗೇನಾಗೇತ್ರಿ?"

"ನೆಗಡಿರೀ," ಎಂದರು ಸಾವಕಾರರು.

"ಎಲ್ಲೀ ನೆಗಡಿರೀ!" ಶಶಿಕುಮಾರ ಮುಂದೆ ಬಂದ. "ಇಂಥಾ ಚುರುಕ ಮೂಗು ಇಡೀ ಮಾರ್ಕೆಟ್‌ನ್ಯಾಗ ಇಲ್ರೀ. ಮಾಲು ಹೆಂಗೈತಿ ಅಂತ ನೀವ ಕೇಳಿ ನೋಡ್ರಿ."

ಸೋಮಪ್ಪನವರು ಕರವಸ್ತ್ರ ಬಿಚ್ಚಿಸಿದರು.

"ಮಾಲು ಭಾಳ ಛಲೋ ಐತ್ರಿ," ಎಂದಿತು ಅಮರೇಶನ ಬಾಯಿ. ಮೂಗು ಮಾತ್ರ ಒಪ್ಪಲಿಲ್ಲ. ಹರಳೆಣ್ಣೆ ಕುಡಿದ ಕೂಸಿನಂತೆ ಮುದುಡಿ, ಇಡೀ ಮುಖವನ್ನು ಒಂದು ಪಕ್ಕಕ್ಕೆ ಎಳೆದುಕೊಂಡು, ಸೀನಿನ ಮೇಲೆ ಸೀನು ಹಾರಿಸಿತು. ಸೋಮಪ್ಪನವರು ಚೀಲದ ತಳಕ್ಕೆ ಕೈ ಹಾಕಿ ಒಂದು ಮುಷ್ಟಿ ಶೇಂಗಾ ತೆಗೆದರು. ಹಸಿರು ಬೂಸರು ಹಿಡಿದಿತ್ತು. ಅವರು ಕೈ ಒರೆಸಿಕೊಂಡು ಹೊರನಡೆದರು.

ಚೀಲಗಳ ಹತ್ತಿರ ಬೀಡಿ ಕಂಡರೆ ಮಾರುಕಟ್ಟೆಯೇ ಕೇಳುವಂತೆ ಕೂಗಾಡುತ್ತಿದ್ದ ನೀಲಕಂಠಪ್ಪ ಸಾವಕಾರರು ತಾವೇ ಎದುರಿನ ಪಾನಂಗಡಿಗೆ ಹೋಗಿ ಸಿಗರೇಟು ಪ್ಯಾಕೆಟ್ಟು ತಂದರು.

"ತಗೊ. ನನ್ನ ಮುಂದ ಸೇದು. ಮೊದಲಿನಂಗಾಗು. ಇಲ್ಲಂದ್ರ ನಾಳಿಂದ ಬರಬ್ಯಾಡ."

ಕಡ್ಡಿ ಗೀರಿಕೊಂಡು ಶಶಿಕುಮಾರ ಆಗಲೇ ತಯಾರಾಗಿ ನಿಂತಿದ್ದ. ಅಮರೇಶ ಒಂದನ್ನು ಎಳೆದು ಕೈಯಲ್ಲಿ ಹಿಡಿದ. ಸೇದುವ ಕಾಲದಲ್ಲಿ ಅದಕ್ಕೆ ಇಷ್ಟು ಚಂದದ ವಾಸನೆಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಯಲ್ಲಿ ನೀರೂರಿತು. ಕೆಮ್ಮಿ ಕೆಮ್ಮಿ ಉಸಿರು ಸಿಗದೆ ಕೂತಾಗ ಬೆನ್ನು ನೀವುತ್ತಿದ್ದ ಉಮಾಶ್ರೀಯ ಕೈ ನೆನಪಾಯಿತು. ಅವನು ಸಿಗರೇಟನ್ನು ಸಾವಕಾರರ ಗಾದಿಯ ಮೇಲಿಟ್ಟ.

"ಆಗೂದಿಲ್ರೀ."

"ಶಾಬ್ಬಾಸ್!" ಬಾಗಿಲಿಂದ ದನಿ ಬಂತು. ಮರೆತುಹೋಗಿದ್ದ ಚಷ್ಮಾ ಒಯ್ಯಲು ಸೋಮಪ್ಪನವರು ತಿರುಗಿ ಬಂದಿದ್ದರು. "ಇಂಥಾ ಮೂಗನ್ನ ಹಾಳು ಮಾಡಾಕ ಹೊಂಟೀರಲ್ರೀ ನೀಲಕಂಠಪ್ಪ! ತಮ್ಮಾ, ನಮ್ಮ ಗೋದಾಮಿಗೆ ಬರ್ರಿ. ಪಗಾರ ಇಲ್ಲೀಗಿಂತ ಹೆಚ್ಚ ಕೊಡತೇನಿ. ಮಾಲು ಮೂಸೂದು, ಹೇಳೂದು. ಅಷ್ಟ ಕೆಲಸ."

ಅಮರೇಶನ ಎದೆ ಉಬ್ಬಿ ಹಂಡೆಯಾಯಿತು. ಅಂಗಡಿಯ ಕೀಲಿ ಗೊಂಚಲನ್ನು ಗಾದಿಯ ಮೇಲೆ ಸದ್ದಾಗುವಂತೆ ಒಗೆದ. "ಮೂಗಿನ ಕಿಮ್ಮತ್ತು ತಿಳಿದವರ ಕಡಿ ಹೊಂಟೇನ್ರಿ," ಎಂದು ಹೇಳಿ, ಯಾರಾದರೂ ಮನಸ್ಸು ಬದಲಿಸುವ ಮೊದಲೇ ಸೋಮಪ್ಪನವರ ಕಾರು ಹತ್ತಿ ಕೂತ. ಅಲ್ಲಿಂದಲೇ ಮನೆಗೆ ಫೋನು ಮಾಡಿದ.

"ಖರೇನ?" ಉಮಾಶ್ರೀಗೆ ಅಳು ಬಂತು. "ಸಿಗರೇಟ ಬಿಟ್ಟಿದ್ದಕ್ಕ ದೇವರು ಕಣ್ಣ ತಗದ ನೋಡ್ರಿ! ಬಾಳವ್ವಾರ, ಕೇಳಿದ್ರ್ಯಾ? ಲಗೂ ಬರ್ರಿ ಇಲ್ಲೆ!" ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆಯುವ ಸದ್ದು ಫೋನಿನಲ್ಲೇ ಕೇಳಿಸಿತು.

ಕಾರು ರಾಯಾಪುರ ದಾಟಿತು. ಅಮರೇಶ ಕಾಲು ಚಾಚಿ, ಹೊಸ ಯಜಮಾನರ ಜೊತೆ ನಾಲ್ಕು ಮಾತಾಡೋಣವೆಂದು ಶುರುಮಾಡಿದ.

"ಅಂದಂಗ ಸಾವಕಾರ್ರ, ಗೋದಾಮಿನ್ಯಾಗ ಬರೇ ಶೇಂಗಾ ಏನ್ರಿ, ಮತ್ತ ಬ್ಯಾರೆ ಕಾಳೂ ಇರತಾವ?"

"ಶೇಂಗಾ ನಮ್ಮ ಅಳಿಯನ ಎಣ್ಣಿ ಮಿಲ್ಲಿಗೆ ಬೇಕಾಗಿತ್ತು. ನಂದು ನಿಪ್ಪಾಣಿ ಕಡಿ ತಂಬಾಕಿನ ಗೋದಾಮು."

ಅಮರೇಶನ ಚಾಚಿದ ಕಾಲು ತಾನಾಗಿಯೇ ಒಳಗೆ ಬಂತು.

"ಕೆಲಸ ಹಗುರ ಐತಿ ತಮ್ಮಾ," ಸೋಮಪ್ಪನವರು ಬೆನ್ನು ತಟ್ಟಿದರು. "ಮಾಲು ಬಂದ ಕೂಡ್ಲೆ ಮೂಸೂದು. ಮೂಸಿ ತಿಳೀಲಿಲ್ಲಂದ್ರ ಒಂದು ಬೀಡಿ ಸುತ್ತಿ ಸೇದಿ ನೋಡೂದು. ದಿನಾ ಭಾಳ ನಮೂನಿ ಮಾಲು ಬರತೈತಿ, ಬ್ಯಾಸರಕಿ ಅನ್ನೂದ ಇಲ್ಲ."

ಅಮರೇಶ ಅವರ ಕಡೆ ತಿರುಗಿದ. "ಇಲ್ಲೀತನಕ ಈ ಕೆಲಸ ಯಾರು ಮಾಡತಿದ್ರಿ?"

"ಯಮನಪ್ಪ ಅಂತ ಇದ್ದ. ಏನ್ ಮೂಗಂತೀರಿ, ಥೇಟ್ ನಿಮ್ಮಂಥಾದ್ದ!" ಸೋಮಪ್ಪನವರು ನಿಟ್ಟುಸಿರು ಬಿಟ್ಟರು. "ಸೇದಿ ಸೇದಿ ಅವಂಗ ವಾಸನೀನ ತಿಳೀದಂಗಾತು. ಹೋದ ವಾರ ಕೆಲಸ ಬಿಡಿಸಿ ಕಳಿಸಿದ್ವಿ."