ಮೀಸೆಯವರೆಗೆ ಬಂದು ನಿಂತ ಪುಟ

ಭಾನುವಾರ ಬೆಳಿಗ್ಗೆ ಮಗಳು ಚಿನ್ನುವಿನ ಒಂದು ಜಡೆ ಮುಗಿದಿತ್ತು. ಇನ್ನೊಂದರ ಕೂದಲು ಮೂರು ಪಾಲಾಗಿ ಶ್ವೇತಳ ಬೆರಳುಗಳ ನಡುವೆ ಇದ್ದಾಗ ಮನೆ ಓನರ್ ಹೊನ್ನಪ್ಪ ಮಹಡಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತರು. ಹುಳ ಬಿದ್ದ ಬದನೆಕಾಯಿಯನ್ನು ಅಂಗಡಿಯವನಿಗೆ ತೋರಿಸುವ ಹಾಗೆ ಫೋನನ್ನು ಮುಂದೆ ಹಿಡಿದಿದ್ದರು.

“ಏನವ್ವಾ ಶ್ವೇತ, ಇದಾ ನಮ್ ವೆಬ್‌ಸೈಟು? ಸುಣ್ಣ ಬಳ್ದಿರೋ ಗೋಡೆ ಇದ್ದಂಗದೆ! ಒಂದ್ ಬಣ್ಣ ಇಲ್ಲ, ಒಂದ್ ಹೂ ಇಲ್ಲ, ಒಂದ್ ಮಕ ಇಲ್ಲ!”

“ಬೇಕಾದ್ದೆಲ್ಲ ಅದೆಯಲ್ಲ ಹೊನ್ನಪ್ಪಣ್ಣ.”

“ಜಾಗ ಎಷ್ಟ್ ಖಾಲಿ ಅದೆ ನೋಡವ್ವಾ! ಇಂಗೆ ಬುಟ್ರೆ ನಾಳೆ ಯಾವನಾದ್ರೂ ಬಂದು ಒತ್ತುವರಿ ಮಾಡ್ಕತಾನೆ!”

ವೆಬ್‌ಸೈಟು ‘ಹಾಲುಲೆಕ್ಕ’ದ್ದು. ಹಳ್ಳಿ ಡೈರಿಗಳಲ್ಲಿ ಹಾಲು ಅಳೆದು ಚೀಟಿ ಕೊಡಲು ಬೇಕಾದ ಪುಟ್ಟ ಸಾಫ್ಟ್‌ವೇರು. ಪಾಂಡವಪುರದ ಶ್ವೇತ ಮತ್ತು ನಾಗಮಂಗಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಇಸ್ರಾರ್, ಇಬ್ಬರೂ ಬಿಡುವಿನಲ್ಲಿ ಬರೆದು, ಬೇಕಾದವರು ಬಿಟ್ಟಿಯಾಗಿ ಬಳಸಲಿ ಎಂದು ಬಿಟ್ಟಿದ್ದರು. ಕುಕ್ಕರ್ ಇಟ್ಟು ಅದು ಕೂಗುವುದರೊಳಗೆ ಶ್ವೇತ ಅದರ ಒಂದು ತಪ್ಪು ತಿದ್ದಿರುತ್ತಿದ್ದಳು. ವೆಬ್‌ಸೈಟಿನಲ್ಲಿದ್ದದ್ದು ಕೆಲವೇ ಸಾಲು: ಇದು ಏನು, ಹೇಗೆ ಹಾಕಿಕೊಳ್ಳಬೇಕು, ಕೆಟ್ಟರೆ ಯಾರಿಗೆ ಫೋನು ಮಾಡಬೇಕು. ಅದರ ಕೆಳಗೆ ನೀಲಿ ಅಕ್ಷರದಲ್ಲಿ ‘ಡೌನ್‌ಲೋಡ್’. ನೆಟ್‌ವರ್ಕು ಒಂದೇ ಕಡ್ಡಿ ಇದ್ದರೂ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು.

ಹೊನ್ನಪ್ಪ ಇದರ ಗೌರವಾಧ್ಯಕ್ಷರು. ನಮ್ಮ ಕಡೆ ಇಬ್ಬರು ಸೇರಿ ಏನಾದರೂ ಮಾಡುತ್ತಿದ್ದರೆ ಮೂರನೆಯವರು ಗೌರವಾಧ್ಯಕ್ಷರಾಗಿಬಿಡುತ್ತಾರೆ, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ; ಯಾರೂ ಕರೆಯಬೇಕಾಗಿಲ್ಲ. ಹಿಂದೊಮ್ಮೆ ಇಸ್ರಾರ್ ಬಂದಿದ್ದಾಗ ಕೂರಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದು ಅವರ ಸೇವೆ.

“ಸಂಜೆ ನಮ್ ಹುಡ್ಗುನ್ನ ನೋಡಕೆ ಬಿಂಡಿಗನವಿಲೆಯಿಂದ ಹುಡ್ಗಿ ಕಡೆಯೋರು ಬತ್ತಾವ್ರೆ ಕಣವ್ವಾ. ಕಂಪ್ಯೂಟರ್ ಸಂಘದ ಅಧ್ಯಕ್ಷ ಅಂತ ಹೇಳ್ಬುಟ್ಟಿವ್ನಿ. ಅವ್ರಿಗೆ ಈ ಬೋಳು ಗೋಡೆ ತೋರ್ಸಕಾಯ್ತದಾ? ಹೊಸಾ ಕಾಲಕ್ಕೆ ತಕ್ಕಂಗೆ ಮಾಡ್ಬುಡು. ಆಮೇಲೆ...” ಹೊನ್ನಪ್ಪ ಬಾಗಿಲ ಚೌಕಟ್ಟನ್ನು ಸವರಿದರು. “ಮನೆ ಕರಾರು ಮುಂದಿನ್ ತಿಂಗ್ಳು ಮುಗೀತದಲ್ವಾ? ಅದ್ನೂ ಮಾತಾಡಾಣ.”

ಶ್ವೇತಳ ಕೈಯಿಂದ ಜಡೆ ಜಾರಿತು. ಎದುರಿಗೇ ಚಿನ್ನುವಿನ ಶಾಲೆ, ನಲ್ಲಿ ತಿರುಗಿಸಿದರೆ ನೀರು. ಇಂಥ ಮನೆ ಇನ್ನೆಲ್ಲಿ ಸಿಗಬೇಕು?

“ಆಯ್ತು ಹೊನ್ನಪ್ಪಣ್ಣ,” ಎಂದಳು.

ಅರ್ಧ ಗಂಟೆಯಲ್ಲಿ ಫ್ಲೆಕ್ಸ್ ಅಂಗಡಿಯ ಚಲುವರಾಜು ಹಾಜರಾದ. ಊರಿನಲ್ಲಿ ಯಾರು ಹುಟ್ಟಲಿ, ಯಾರು ಗೆಲ್ಲಲಿ, ಯಾರು ಸಾಯಲಿ, ಫ್ಲೆಕ್ಸು ಅವನದೇ. ಬೆರಳಗಲ ಜಾಗ ಖಾಲಿ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತು ತಲೆ ಕೆರೆದುಕೊಂಡ.

“ಇಷ್ಟ್ ಜಾಗ ಯಾಕ್ ಬುಟ್ಟಿದ್ದೀರಿ ಅಕ್ಕ?”

“ಕಣ್ಣಿಗೆ ಹಿತವಾಗಿರ್ಲಿ ಅಂತ.”

“ಹಿತ ಅಂದ್ರೆ ಹೂವಲ್ವಾ ಅಕ್ಕ!”

ಅವನು ಎರಡೂ ಬದಿಗೆ ಚೆಂಡುಹೂ ಇಳಿಬಿಟ್ಟ. ಹಿಂದೆ ಮೋಡ ತೇಲಿಸಿದ. ಮೋಡದಿಂದ ಬೆಳಕಿನ ಕಿರಣ ಬಿಟ್ಟ. ಅತ್ತಿತ್ತ ಒಂದೊಂದು ದೀಪ ಹಚ್ಚಿದ. ನಡುವೆ ಹೊನ್ನಪ್ಪನವರ ಫೋಟೋ. ಯಾವುದೋ ಮದುವೆಯಲ್ಲಿ ಉಂಡು ಕೂತಿದ್ದಾಗ ತೆಗೆದದ್ದು, ಕಣ್ಣು ಅರೆ ಮುಚ್ಚಿತ್ತು.

“ಇನ್ನೊಸಿ ದೊಡ್ದು ಮಾಡ್ಲಾ,” ಎಂದರು ಹೊನ್ನಪ್ಪ.

“ಇನ್ನೂ ದೊಡ್ದು ಮಾಡುದ್ರೆ ಕಿವಿ ಆಚಿಕ್ ಹೋಯ್ತವೆ ಅಣ್ಣ.”

“ಕಿವಿ ಹೋದ್ರೆ ಹೋಗ್ಲಿ, ಮೀಸೆ ಇರ್ಲಿ.”

ಅದರ ಕೆಳಗೆ ಶುಭ ಕೋರುವವರ ಸಾಲುಗಳು ಬಂದವು. ಅಣ್ಣತಮ್ಮಂದಿರ ಸಾಲು, ಭಾವಮೈದುನರ ಸಾಲು, ಬಿಟ್ಟರೆ ಮುನಿಸಿಕೊಳ್ಳುವವರ ಸಾಲು. ಅವರ ಫೋಟೋಗಳೆಲ್ಲ ಹೊನ್ನಪ್ಪನ ಫೋನಿನಲ್ಲಿದ್ದುದರಿಂದ, ಅದನ್ನು ಚಲುವರಾಜುವಿನ ಕೈಗೇ ಕೊಟ್ಟು, ಪೇಟೆಯ ಕೆಲಸವನ್ನೆಲ್ಲ ಮುಗಿಸಿ, ಮೀಸೆಗೆ ಬಣ್ಣ ಹಾಕಿಸಿಕೊಂಡು ಸಂಜೆಗೆ ಬರುತ್ತೇನೆಂದು ಅವರು ಸ್ಕೂಟರ್ ಹತ್ತಿದರು.

“ಡೌನ್‌ಲೋಡ್ ಎಲ್ಲಿ ಚಲುವರಾಜು?” ಎಂದು ಕೇಳಿದಳು ಶ್ವೇತ.

“ಅದೆ ಅಕ್ಕ, ಕೆಳಗಡೆ. ಭಾವಮೈದುನ್ರು ದಾಟುದ್ರೆ ಸಿಕ್ತದೆ.”

ಹೊಸ ಪುಟ ಹಾಕಿ, ಅವನು ಅಂಗಡಿಗೆ ಹೋದ ಮೇಲೆ ಇಸ್ರಾರ್ ಫೋನು ಮಾಡಿದ. “ಅಕ್ಕಾ, ಯಾ ಅಲ್ಲಾ, ಏನಿದು? ಪೇಜ್ ಓಪನ್ ಮಾಡಿದ್ದಕ್ಕೆ ಫೋನ್ ಎಷ್ಟ್ ಬಿಸಿ ಆಯ್ತು ಅಂದ್ರೆ, ನಮ್ ಅಮ್ಮಿ ಅದ್ರ ಮೇಲೊಂದು ರೊಟ್ಟಿ ಹಾಕ್ತೀನಿ ಅಂತಾವ್ರೆ! ಸಾಫ್ಟ್‌ವೇರಾ ಇದು, ಎಲೆಕ್ಷನ್ನಾ?”

“ಬೀಗರು ಹೋಗೋ ತನಕ ತಡ್ಕೊ ಇಸ್ರಾರ್. ರಾತ್ರಿ ತೆಗ್ದುಬಿಡ್ತೀನಿ.”

“ಅಷ್ಟ್ರಲ್ಲಿ ಯಾವ್ದಾದ್ರೂ ಡೈರಿಗೆ ಬೇಕಾದ್ರೆ?”

“ಭಾನುವಾರ ಸಂಜೆ ಯಾರಿಗಪ್ಪಾ ಬೇಕಾಗ್ತದೆ?”

ಬೇಕಾದದ್ದು ಶೀಳನೆರೆಗೆ. ಅಲ್ಲಿನ ಡೈರಿ ಕಾರ್ಯದರ್ಶಿ ರವೀಂದ್ರನ ಕಂಪ್ಯೂಟರು ಅವತ್ತೇ ಸುಟ್ಟುಹೋಗಿತ್ತು. ಪಕ್ಕದೂರಿಂದ ಇನ್ನೊಂದನ್ನು ಬೈಕಿನಲ್ಲಿ ಮಡಿಲ ಮಗುವಿನಂತೆ ತಂದಿದ್ದ. ಹಾಲಿನ ಹೊತ್ತಿಗೆ ಸರಿಯಾಗಿ ಅವನ ಫೋನು ಬಂತು.

“ಅಕ್ಕೋ, ಏನಾಗದೆ ನಿಮ್ ಪೇಜ್ಗೆ? ಜನ ಕ್ಯಾನ್ ಹಿಡ್ಕಂಡು ರೋಡ್‌ಗಂಟ ನಿಂತವ್ರೆ! ಮೊದ್ಲು ಮೋಡ ಬಂತು. ಆಮೇಲೆ ತಲೆ ಬಂತು. ಆಮೇಲೆ ಕಣ್ಣು. ಈಗ ಮೀಸೆಗಂಟ ಬಂದು ನಿಂತ್ಬುಟ್ಟದೆ. ಬಾಯಿನ್ನೂ ಬಂದಿಲ್ಲ!”

“ಅಯ್ಯೋ, ಒಂದ್ನಿಮಿಷ ರವೀಂದ್ರ!”

“ಬಂದೋರೆಲ್ಲ ಬಗ್ಗಿ ಬಗ್ಗಿ ನೋಡ್ತಾವ್ರೆ, ಯಾರಕ್ಕ ಇವ್ರು? ಇರಿ ಇರಿ, ಇಲ್ಯಾರೋ ಅಜ್ಜಿ ಬಿದ್ಬುಟ್ರು!” ಫೋನು ಕಟ್ಟಾಯಿತು.

ಶ್ವೇತ ಹೂವು, ಮೋಡ, ಮೀಸೆ ಎಲ್ಲವನ್ನೂ ಕಿತ್ತು ಹಳೆಯ ಬಿಳಿ ಪುಟವನ್ನೇ ಹಾಕಿದಳು. ಸ್ವಲ್ಪ ಹೊತ್ತಿಗೆ ‘ಬಂತು ಅಕ್ಕ, ಹಾಲು ಶುರು’ ಎಂದು ರವೀಂದ್ರನ ಮೆಸೇಜು ಬಂತು. ಅವಳ ಜೀವ ಗೂಡಿಗೆ ಬಂತು. ಬಿದ್ದ ಅಜ್ಜಿ ಯಾರೆಂದು ಕೇಳುವುದು ಮಾತ್ರ ಮರೆತುಹೋಯಿತು.

ಬಿದ್ದವರು ಶೀಳನೆರೆಗೆ ಕೊಟ್ಟಿದ್ದ ಹೊನ್ನಪ್ಪನ ಅಕ್ಕ ಕುಳ್ಳಮ್ಮ. ಹಾಲು ಹಾಕಲು ಬಂದವರಿಗೆ ಮೋಡ, ಎರಡು ದೀಪ, ಚೆಂಡುಹೂವಿನ ನಡುವೆ ತಮ್ಮನ ಅರೆಮುಚ್ಚಿದ ಕಣ್ಣು ಕಂಡಿದ್ದವು. ಇಂಥ ಚಿತ್ರ ಯಾವಾಗ ಹಾಕಿಸುತ್ತಾರೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಎಚ್ಚರವಾದೊಡನೆ ತಮ್ಮನ ಫೋನಿಗೇ ಕರೆ ಮಾಡಿಸಿದ್ದರು. ಎತ್ತಿದವನು ಚಲುವರಾಜು. ಬೀಗರನ್ನು ಸ್ವಾಗತಿಸುವ ಫ್ಲೆಕ್ಸಿಗೆ ಅದೇ ಫೋಟೋ ಕೂರಿಸುತ್ತಿದ್ದವನು, “ಅಣ್ಣುಂದೇ ಕೆಲ್ಸದಲ್ಲಿವ್ನಿ ಕಣಮ್ಮ. ಫೋಟೋ ದೊಡ್ದು ಮಾಡಾಯ್ತು, ಹೂ ಹಾಕದೊಂದ್ ಬಾಕಿ. ಜನ ಸಂಜೆಗೆ ಬತ್ತಾವ್ರೆ, ನೀವೂ ಬಂದ್ಬುಡಿ,” ಎಂದು ಇಟ್ಟುಬಿಟ್ಟಿದ್ದ.

ಹೊತ್ತು ಮುಳುಗುವಾಗ ಬಿಂಡಿಗನವಿಲೆಯ ಕೆಂಪಣ್ಣ, ಹುಡುಗಿಯ ತಂದೆ, ಜಗಲಿಯಲ್ಲಿ ಕೂತು ಶ್ವೇತ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಹೊನ್ನಪ್ಪ ಇನ್ನೂ ಬಂದಿರಲಿಲ್ಲ. ಆಗ ಒಂದು ಟೆಂಪೋ ಬಂದು ನಿಂತಿತು. ಅದರಿಂದ ಹಾರ ಮೊದಲು ಇಳಿಯಿತು, ಹಿಂದೆಯೇ ಕುಳ್ಳಮ್ಮ.

“ಅಯ್ಯೋ ಹೊನ್ನಪ್ಪಾ, ನನ್ ಬುಟ್ಟು ಹೋಗ್ಬುಟ್ಯಲ್ಲೋ ತಮ್ಮಾ!”

ಟೆಂಪೋ ತುಂಬ ಗೊಳೋ ಎಂದಿತು. ಹೊನ್ನಪ್ಪನ ಹೆಂಡತಿ ಜಯಲಕ್ಷ್ಮಮ್ಮ ಮಹಡಿಯಿಂದ ಓಡಿ ಬಂದವರು, ಹೋದವರು ಯಾರೆಂದು ವಿಚಾರಿಸುವ ಮೊದಲೇ ಅಳುವಿಗೆ ಸೇರಿಕೊಂಡರು. ಕೆಂಪಣ್ಣ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದರು. ಶ್ವೇತಳಿಗೆ ಆಗ ಮೀಸೆಯವರೆಗೆ ನಿಂತ ಚಿತ್ರ, ಬಿದ್ದ ಅಜ್ಜಿ, ಎಲ್ಲವೂ ಒಟ್ಟಿಗೆ ಹೊಳೆಯಿತು.

ಅಷ್ಟರಲ್ಲಿ ಸ್ಕೂಟರ್ ಸದ್ದಾಯಿತು. ಮಿರಮಿರ ಮಿಂಚುವ ಕಪ್ಪು ಮೀಸೆಯ ಹೊನ್ನಪ್ಪ ಇಳಿದರು. ಅಳು ಗಕ್ಕನೆ ನಿಂತಿತು.

“ಬದ್ಕಿದ್ದೀಯೇನ್ಲಾ?” ಎಂದರು ಕುಳ್ಳಮ್ಮ.

“ಬದ್ಕಿವ್ನಿ ಕಣಕ್ಕ. ಯಾಕೆ?”

“ಥೂ ನಿನ್ನ! ನಿನ್ ದೆಸೆಯಿಂದ ಒಂದ್ ಕ್ಯಾನ್ ಹಾಲ್ ಚೆಲ್ಬುಟ್ನಲ್ಲೋ!” ಎಂದು ಕುಳ್ಳಮ್ಮ ಹಾರದಿಂದಲೇ ನಾಲ್ಕು ಬಾರಿಸಿ, ತಂದದ್ದು ವ್ಯರ್ಥವಾಗಬಾರದೆಂದು ಅದನ್ನು ಅವರ ಕೊರಳಿಗೇ ಹಾಕಿದರು.

ಫೋಟೋದ ವಿಷಯ ಹೊರಬಿತ್ತು. ಎಲ್ಲರ ಕಣ್ಣೂ ಶ್ವೇತಳ ಮೇಲೆ. ಮನೆಯಂತೂ ಹೋಯಿತು, ಬಿಳಿ ಪುಟವಾದರೂ ಉಳಿಯಿತಲ್ಲ ಎಂದುಕೊಂಡು ಅವಳು ಚಿನ್ನುವನ್ನು ಹತ್ತಿರ ಎಳೆದುಕೊಂಡಳು.

ಕೆಂಪಣ್ಣ ಗಂಟಲು ಸರಿಮಾಡಿಕೊಂಡರು. “ಹೊನ್ನಪ್ಪನೋರೇ, ನಾನು ನಿಜವಾಗ್ಲೂ ಹೋದ್ರೂ ನಮ್ಮನೇಲಿ ಇಷ್ಟ್ ಜೋರಾಗಿ ಯಾರೂ ಅಳಕ್ಕಿಲ್ಲ. ಹಾಲಿನ್ ಹೊತ್ನಲ್ಲಿ ಕೆಲ್ಸ ಬುಟ್ಟು ಟೆಂಪೋ ಮಾಡ್ಕಂಡ್ ಬಂದವ್ರೆ! ಇಂಥಾ ಮನೆಗೆ ಹೆಣ್ ಕೊಡ್ದೆ ಇನ್ನೆಲ್ಲಿ ಕೊಡಾಣ?”

ಹೊನ್ನಪ್ಪನ ಮೀಸೆ ಹಾರದ ಮೇಲೆ ಅರಳಿತು. “ನೋಡ್ದಾ ಶ್ವೇತ? ಹೊಸಾ ಕಾಲ ಅಂದ್ರೆ ಇದು! ನಿನ್ ಸುಣ್ಣದ್ ಗೋಡೆ ನೋಡಿ ಇಷ್ಟ್ ದಿವ್ಸದಲ್ಲಿ ಒಬ್ಬ ಬಂದಿದ್ನಾ? ಬರೀ ಮೀಸೆಗಂಟ ಬಂದುದ್ಕೇ ಒಂದ್ ಟೆಂಪೋ ಜನ. ಪೂರ್ತಿ ಬಂದಿದ್ರೆ?”

“ಅದು... ಹಾಲಿನ್ ಹೊತ್ತು ಅಂತ ಈಗ ತೆಗ್ದಿದ್ದೀನಿ ಹೊನ್ನಪ್ಪಣ್ಣ.”

“ಹಾಕು, ಹಾಕು! ಇನ್ಮ್ಯಾಕೆ ತೆಗೀಲೇಕೂಡ್ದು. ಪಕ್ದಲ್ಲಿ ನಮ್ ಬೀಗರ್ದೂ ಕೂರ್ಸು. ಮನೆ ಕರಾರಾ? ನೀನು ಈ ಪೇಜ್ ನೋಡ್ಕಳಗಂಟ ನಮ್ಮನೆ ಬುಟ್ಟು ಎಲ್ಲೂ ಹೋಗಂಗಿಲ್ಲ!”

ಕೆಂಪಣ್ಣ ಆಗಲೇ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. “ಹಾಲ್ ಚೆಲ್ದೋಳು ನಾನು, ನಂದೂ ಒಂದ್ ಇರ್ಲವ್ವಾ,” ಎಂದರು ಕುಳ್ಳಮ್ಮ.

ಶ್ವೇತ ಜಗಲಿಯ ಮೇಲೆ ಲ್ಯಾಪ್‌ಟಾಪ್ ತಂದಿಟ್ಟು, ಹೂವಿನ ಪುಟವನ್ನು ಮತ್ತೆ ಹಾಕಿದಳು. ಟೆಂಪೋದವರೆಲ್ಲ ಮುತ್ತಿಕೊಂಡು, ಅವನ್ಯಾರು, ಇವನ್ಯಾರು ಎಂದು ಬೆರಳಿಟ್ಟು ತೋರಿಸತೊಡಗಿದರು. ಆ ಮೊಣಕೈಗಳ ನಡುವೆ ತೂರಿ ಬಂದ ಚಿನ್ನು ಪುಟವನ್ನು ಕೆಳಕ್ಕೆ ಜರುಗಿಸುತ್ತಾ ಹೋದಳು. ದೀಪ ಮುಗಿಯಿತು, ಅಣ್ಣತಮ್ಮಂದಿರು ಮುಗಿದರು, ಭಾವಮೈದುನರೂ ಮುಗಿದರು. ಅಡಿಯಲ್ಲಿ ಆ ನೀಲಿ ಅಕ್ಷರ ಕಂಡಿತು. ಅವಳು ಪುಟವನ್ನು ಮತ್ತೆ ಮೇಲಕ್ಕೆ ತಂದು ಹೊನ್ನಪ್ಪನ ಅರೆಗಣ್ಣನ್ನು ನೋಡಿದಳು, ಹಾರ ಹಾಕಿಕೊಂಡು ನಿಂತಿದ್ದ ಹೊನ್ನಪ್ಪನನ್ನೂ ನೋಡಿದಳು. ಅಮ್ಮನ ಕೈ ಬಾಯಿ ಮುಚ್ಚಲು ಬರುವಷ್ಟರಲ್ಲಿ ಕೇಳಿಯೇಬಿಟ್ಟಳು:

“ತಾತ, ನಿಮ್ಮನ್ನ ಡೌನ್‌ಲೋಡ್ ಮಾಡ್ಕಂಡು ಡೈರಿಯೋರು ಏನ್ ಮಾಡ್ಬೇಕು?”